ಕೆಂಪು ವೈರ್ ತೆಗೆದದ್ದು ಯಾವಾಗ?

2022ರ ಬೇಸಿಗೆ ಇರಬೇಕು. ಚಾಮರಾಜನಗರದ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಅಧ್ಯಾಪಕನಾಗಿದ್ದ ನಾನು ಬಿ.ಎಸ್ಸಿ. ಪ್ರಾಯೋಗಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕನಾಗಿ ಗುಂಡ್ಲುಪೇಟೆಗೆ ಹೋಗಿದ್ದೆ. ಇಸವಿ ತಪ್ಪಿದ್ದರೂ ತಪ್ಪಿರಬಹುದು. ಆ ದಿನದಿಂದೀಚೆಗೆ ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ.

ಉಡಿಗಾಲದ ಸವಿತಾ ಎಂಬ ವಿದ್ಯಾರ್ಥಿನಿಗೆ ಸಿಕ್ಕಿದ್ದು ಕೆಪ್ಯಾಸಿಟರ್ ಪ್ರಯೋಗ. ಇಪ್ಪತ್ತು ಸೆಂಟಿಮೀಟರ್ ಉದ್ದಗಲದ ಎರಡು ಲೋಹದ ಫಲಕಗಳು, ನಡುವೆ ಎರಡು ಮಿಲಿಮೀಟರ್ ಗಾಳಿ. ಇದರ ಕೆಪ್ಯಾಸಿಟೆನ್ಸ್, ಅಂದರೆ ಚಾರ್ಜ್ ಹಿಡಿದಿಡುವ ಸಾಮರ್ಥ್ಯ, 177 ಪಿಕೋಫ್ಯಾರಡ್. ಅದನ್ನು 600 ವೋಲ್ಟ್‌ನಿಂದ ಗುಣಿಸಿದರೆ ಚಾರ್ಜ್ 0.106 ಮೈಕ್ರೋಕೂಲಂಬ್. ಬಳಿಕ ನಡುವೆ ಅಕ್ರಿಲಿಕ್ ಹಾಳೆ ತೂರಿಸಿ ಮತ್ತೆ ಲೆಕ್ಕ ಹಾಕಬೇಕು. ಅಕ್ರಿಲಿಕ್‌ನಂಥ ಡೈಎಲೆಕ್ಟ್ರಿಕ್, ಅಂದರೆ ವಿದ್ಯುತ್ ಹರಿಯಗೊಡದ ವಸ್ತು, ಆ ಸಾಮರ್ಥ್ಯವನ್ನು ಸುಮಾರು ಮೂರು ಪಟ್ಟು ಹೆಚ್ಚಿಸುತ್ತದೆ. ಪವರ್ ಸಪ್ಲೈ ವೈರ್ ಸೇರಿಸಿಯೇ ಇದ್ದರೆ ವೋಲ್ಟೇಜ್ 600ರಲ್ಲೇ ನಿಂತು ಚಾರ್ಜ್ 0.318 ಆಗುತ್ತದೆ. ವೈರ್ ತೆಗೆದಿದ್ದರೆ ಚಾರ್ಜ್ ಇದ್ದಷ್ಟೇ ಉಳಿದು ವೋಲ್ಟೇಜ್ 200ಕ್ಕೆ ಇಳಿಯುತ್ತದೆ. ಪ್ರಶ್ನೆಯಲ್ಲಿ ವೈರಿನ ಮಾತೇ ಇರಲಿಲ್ಲ. ಮಾದರಿ ಉತ್ತರದಲ್ಲಿ ಮಾತ್ರ 0.318 ಎಂದಿತ್ತು.

ಸವಿತಾ ಬರೆದದ್ದು 0.106. ಮೇಜಿನ ಮೇಲೆ ಕೆಂಪು ವೈರ್ ಬಿಚ್ಚಿಕೊಂಡು ಬಿದ್ದಿತ್ತು.

"ತಪ್ಪು ಬರ್ದು, ಆಮೇಲೆ ವೈರ್ ಕಿತ್ತವ್ಳೆ ಕಣ್ ಸಾ. ಕಿಲಾಡಿ," ಎಂದರು ಆ ಕಾಲೇಜಿನ ಪರೀಕ್ಷಕ ನಂಜುಂಡಪ್ಪ.

"ಇಲ್ಲ ಸಾ, ವೈರ್ ತೆಗುದ್ ಮೇಲೇ ಆಳೆ ತಳ್ಳಿದ್ದು," ಎಂದಳು. ಕಣ್ಣು ತುಂಬಿತ್ತು. ಹಿಂದಿನ ವರ್ಷ ಇದೇ ಪರೀಕ್ಷೆಯಲ್ಲಿ ಫೇಲಾಗಿದ್ದವಳು. ಈ ಸಲವೂ ಹೋದರೆ ಡಿಗ್ರಿ ಇಲ್ಲ.

ಹಾಳೆ ಒಳಗೆ ಹೋಗುವಾಗ ವೈರ್ ಇದ್ದದ್ದನ್ನು ನಾನೇ ನೋಡಿದ ನೆನಪು. ಆದರೆ ನೋಡಿದ್ದು ಅವಳ ಮೇಜನ್ನೋ, ಪಕ್ಕದ್ದನ್ನೋ?

ಚಾರ್ಜ್ ಎಳೆದುಕೊಳ್ಳದೆ ಅಳೆಯುವ ಸ್ಥಾಯೀವಿದ್ಯುತ್ ವೋಲ್ಟ್‌ಮೀಟರ್ ಇನ್ನೂ ಫಲಕಗಳಿಗೆ ಅಂಟಿಕೊಂಡೇ ಇತ್ತು. ಮುಳ್ಳು 195ರಲ್ಲಿತ್ತು, ವೈರ್ ಮೊದಲೇ ತೆಗೆದಿದ್ದರೆ ಬರಬೇಕಾದ 200ರ ಹತ್ತಿರ.

"600ರಿಂದ ಸೋರಿ ಇಳ್ದದೆ," ಎಂದರು ನಂಜುಂಡಪ್ಪ.

ಅಷ್ಟು ಬೇಗ ಸೋರಿದ್ದರೆ ಮುಳ್ಳು ಈಗಲೂ ಸರಸರನೆ ಇಳಿಯುತ್ತಿರಬೇಕು. ನಾನು ಗಡಿಯಾರ ಹಿಡಿದು ನಿಂತೆ. ಅಷ್ಟರಲ್ಲಿ ಅಟೆಂಡರ್ ಮಾದೇವ ಬಟ್ಟೆ ಹಿಡಿದು ಬಂದ. "ಐಕ್ಳು ಒರ್ಗಡೆ ಕಾಯ್ತಾವೆ ಸಾ. ಒರ್ಸ್‌ಬುಡ್ಲಾ?"

"ಮುಟ್ಬ್ಯಾಡ ಕಣಪ್ಪ!" ನನ್ನ ಕೂಗಿಗೆ ಅವನು ಬಟ್ಟೆ ಕೈಬಿಟ್ಟ. ಅವನ ಬೆರಳು ತಾಗಿದ್ದರೆ ಚಾರ್ಜೂ ಇಲ್ಲ, ಸಾಕ್ಷಿಯೂ ಇಲ್ಲ.

ಐದು ನಿಮಿಷದಲ್ಲಿ ಮುಳ್ಳು ಇಳಿದದ್ದು ಮೂರು ವೋಲ್ಟ್. 600ರಲ್ಲಿ ಸೋರಿಕೆ ಇದರ ಮೂರು ಪಟ್ಟು ಎಂದರೂ, ಹಾಳೆ ತೂರಿಸಿದ ಮೇಲೆ ಕಳೆದ ಹತ್ತು ನಿಮಿಷದಲ್ಲಿ ಇಪ್ಪತ್ತು ವೋಲ್ಟ್ ಹೋಗಬಹುದು, ನಾನೂರು ಹೋಗುವುದಿಲ್ಲ. ಹುಡುಗಿ ಹೇಳಿದ್ದೇ ನಿಜ. ಪೂರ್ತಿ ಅಂಕ ಹಾಕಿದೆ. ನಂಜುಂಡಪ್ಪನವರೂ ಸಹಿ ಮಾಡಿದರು.

ಹೊರಡುವಾಗ ಸವಿತಾ ಬಾಗಿಲಲ್ಲಿ ತಡೆದಳು. "ವೈರ್ ತೆಗ್ದುಬುಡಮ್ಮ, ಶಾಕ್ ಒಡ್ದಾತು ಅಂತ ನೀವೇ ಅಲ್ವಾ ಸಾ ಯೋಳಿದ್ದು?"

"ಆಗಲೇ ಯಾಕಮ್ಮ ಹೇಳಲಿಲ್ಲ?"

"ನಿಮ್ಗೇ ಎದುರಾಡ್ದಂಗಾಯ್ತದೆ ಅಂತ ಸುಮ್ಕಾದೆ."

ಅಂದಿನಿಂದ, ಅಂಕ ಕಳೆಯುವ ಮೊದಲು ನನ್ನ ನೆನಪನ್ನು ಬದಿಗಿಟ್ಟು ಮೇಜಿನ ಮೇಲೆ ಏನು ಉಳಿದಿದೆ ಎಂದು ನೋಡುತ್ತೇನೆ. ವೃತ್ತಿ ಕಲಿಸಿದ್ದು ಅಷ್ಟು. ಆದರೂ ಆ ಮಾತು ನಾನು ಹೇಳಿದ್ದೆನೇ ಎಂದು ಇವತ್ತಿಗೂ ಕೇಳಿಕೊಳ್ಳುತ್ತೇನೆ. ಅದನ್ನು ತೋರಿಸುವ ಮುಳ್ಳು ಯಾವ ಮೇಜಿನ ಮೇಲೂ ಇಲ್ಲ.