ದಿಲೀಪನ ಹೆಸರಿನಲ್ಲಿ ಆಡಿದವನು

ಮೊನ್ನೆ ಬೆಳಿಗ್ಗೆ ವಾಕಿಂಗಿಗೆ ಹೋದಾಗ ನಮ್ಮ ಕಾಲೊನಿಯ ಹಿಂದಿನ ಮೈದಾನದಲ್ಲಿ ಯಾರೋ ಕಬಡ್ಡಿ ಅಂಕಣಕ್ಕೆ ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತಿದ್ದರು. ಹಿಂದಿನ ದಿನದ ಮಳೆಗೆ ನೆಲ ಇನ್ನೂ ಹಸಿಯಾಗಿತ್ತು. ಹಸಿ ಮಣ್ಣಿನ ಮೇಲೆ ಸುಣ್ಣ ಬಿದ್ದಾಗ ಒಂದು ವಾಸನೆ ಏಳುತ್ತದೆ, ನಿಮಗೂ ಗೊತ್ತಿರಬಹುದು. ನಾನು ನಿಂತುಬಿಟ್ಟೆ. ಜೊತೆಗಿದ್ದ ಗೆಳೆಯರು ಸಕ್ಕರೆ ಇಳಿದಿರಬೇಕೆಂದುಕೊಂಡು ಜೇಬಿನಿಂದ ಪೆಪ್ಪರಮಿಂಟು ತೆಗೆದುಕೊಟ್ಟರು. ನನ್ನ ವಯಸ್ಸಿನವರು ದಾರಿಯಲ್ಲಿ ಸುಮ್ಮನೆ ನಿಂತರೆ ಜನಕ್ಕೆ ಹೊಳೆಯುವುದು ಕಾಯಿಲೆ ಒಂದೇ. ಪೆಪ್ಪರಮಿಂಟು ಚೀಪುತ್ತ ಮನೆಗೆ ಬಂದೆ. ಅಲ್ಲಿ ನೆನಪಾದದ್ದನ್ನು ಅದುವರೆಗೆ ಹೆಂಡತಿಗೂ ಪೂರ್ತಿ ಹೇಳಿರಲಿಲ್ಲ ನಾನು.

ಎಪ್ಪತ್ತರ ದಶಕದ ಕೊನೆಯ ಮಾತು. ಇಲ್ಲೇ ಪುಣೆಯ ಒಂದು ಕಾಲೇಜಿನ ಕ್ರೀಡಾ ವಿಭಾಗದಲ್ಲಿ ನಾನು ಗುಮಾಸ್ತ. ವಿಜಾಪುರದ ಕಡೆಯವನು, ಆಟಕ್ಕೂ ನನಗೂ ಅಷ್ಟಕ್ಕಷ್ಟೆ. ಆ ಕೆಲಸ ಸಿಕ್ಕಿದ್ದು ನನ್ನ ಅಕ್ಷರದಿಂದ. ನನ್ನ ಅಕ್ಷರ ಅಚ್ಚು ಹಾಕಿದಂತಿತ್ತು, ಕನ್ನಡವಾದರೂ ಮರಾಠಿಯಾದರೂ. ಅದರ ಬಗ್ಗೆ ನನಗೆ ಎಂಥ ಹೆಮ್ಮೆಯೆಂದರೆ, ಏನು ಬರೆಯುತ್ತಿದ್ದೇನೆ ಎಂದು ಯೋಚಿಸುವ ಗೋಜಿಗೇ ಹೋಗುತ್ತಿರಲಿಲ್ಲ. ಚೆಂದ ಕಂಡರೆ ಸಾಕಿತ್ತು.

ಅದಕ್ಕೂ ಮೊದಲು ಕಾಲೇಜುಗಳ ನಡುವೆ ಆಟಗಾರರ ವ್ಯಾಪಾರ ಸಂತೆಯಂತೆ ನಡೆಯುತ್ತಿತ್ತು. ಒಳ್ಳೆಯ ಕಬಡ್ಡಿ ಆಟಗಾರ ಎಂದು ಗೊತ್ತಾದರೆ ಒಂದು ಕಾಲೇಜು ಹಾಸ್ಟೆಲ್ ಕೋಣೆ ಕೊಡುತ್ತೇನೆ ಎನ್ನುವುದು, ಇನ್ನೊಂದು ದಿನಕ್ಕೆ ನಾಲ್ಕು ಮೊಟ್ಟೆ ಎನ್ನುವುದು, ಮತ್ತೊಂದು ಮೇಜಿನ ಕೆಳಗೆ ಲಕೋಟೆ ದಾಟಿಸುವುದು. ಹುಡುಗರು ವರ್ಷಕ್ಕೊಂದು ಕಾಲೇಜು ಬದಲಿಸುತ್ತಿದ್ದರು. ಆಗ ಸರ್ಕಾರದಿಂದ ಸುತ್ತೋಲೆ ಬಂತು. ಆಟಗಾರನಿಗೆ ಎಲ್ಲ ಕಡೆ ಒಂದೇ ಹಾಲು-ಮೊಟ್ಟೆ ಭತ್ಯೆ, ಅದರ ಮೇಲೆ ಒಂದು ಪೈಸೆ ಕೊಟ್ಟರೂ ತಪ್ಪು. ಹಳೆಯ ಕಾಲೇಜಿನ ಒಪ್ಪಿಗೆ ಪತ್ರವಿಲ್ಲದೆ ಹೊಸ ಕಾಲೇಜಿಗೆ ಬಂದವನು ಒಂದು ವರ್ಷ ಆಡುವಂತಿಲ್ಲ, ಭತ್ಯೆಯೂ ಇಲ್ಲ. ನ್ಯಾಯವಾದ ಮಾತೇ. ಅದನ್ನು ನಾನೇ ದಪ್ಪ ಅಕ್ಷರದಲ್ಲಿ ಬರೆದು ನೋಟೀಸ್ ಬೋರ್ಡಿಗೆ ಹಚ್ಚಿದೆ. ಇದು ಬಸವರಾಜನಂಥವನನ್ನು ಏನು ಮಾಡುತ್ತದೆ ಎಂದು ಸುತ್ತೋಲೆ ಬರೆದವರಿಗೂ ಹೊಳೆದಿರಲಿಕ್ಕಿಲ್ಲ, ನನಗಂತೂ ಹೊಳೆಯಲಿಲ್ಲ.

ಬಸವರಾಜ ಕಲಬುರ್ಗಿ ಕಡೆಯ ಹುಡುಗ. ತಂದೆ ಇಲ್ಲ. ಸೊಲ್ಲಾಪುರದ ಕಾಲೇಜಿನಲ್ಲಿ ಆಡುತ್ತಿದ್ದ. ಅವನ ತಾಯಿ ಗೌಂಡಿ ಕೆಲಸದವರ ಗುಂಪಿನ ಜೊತೆ ಪುಣೆಗೆ ಬಂದಳು, ಇಲ್ಲಿ ಕಟ್ಟಡದ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡಳು. ತಾಯಿಯನ್ನು ನೋಡಿಕೊಳ್ಳಲು ಇವನು ಇಲ್ಲಿಗೆ ಬಂದ. ಸೊಲ್ಲಾಪುರದವರು ಒಪ್ಪಿಗೆ ಪತ್ರ ಕೊಡಲಿಲ್ಲ. "ಸಾಹೇಬ್ರ, ಈ ವರ್ಷ ನನ್ನ ಆಟ ನೋಡಿ ಪೊಲೀಸ್ ಭರ್ತಿಗೆ ತಗೋತಾರಂತ. ಮುಂದಿನ ವರ್ಷ ನನ್ನ ವಯಸ್ಸು ದಾಟ್ತದ. ಏನರೆ ಮಾಡ್ರಿ," ಎಂದು ನನ್ನ ಮೇಜಿನ ಮುಂದೆ ನಿಂತ. ಜೀವನದಲ್ಲಿ ನನ್ನನ್ನು ಸಾಹೇಬ ಎಂದು ಕರೆದವನು ಅವನೊಬ್ಬನೇ. ನಾನು ಉಬ್ಬಿಹೋದೆ.

ನಮ್ಮ ಕ್ರೀಡಾ ಮುಖ್ಯಸ್ಥರು ಕೆಟ್ಟವರಲ್ಲ. ಗೆಲ್ಲುವ ಆಸೆ ಸ್ವಲ್ಪ ಹೆಚ್ಚಿದ್ದವರು, ಅಷ್ಟೆ. ಅವರು ಆಟಗಾರರ ಪಟ್ಟಿಯ ಮೇಲೆ ಬೆರಳಿಟ್ಟು, "ಈ ಹೆಸರು ಇನ್ನೂ ಇದೆಯಲ್ಲ? ಪೊಲೀಸಿನವರು ನೋಡುವುದು ಆಟವನ್ನು, ಹೆಸರನ್ನು ಆಮೇಲೆ ಸರಿಮಾಡಿಕೊಳ್ಳೋಣ," ಎಂದರು.

ಆ ಹೆಸರು ದಿಲೀಪನದು. ಪುಣೆ ಜಿಲ್ಲೆಯ ಶಿರೂರಿನ ಹತ್ತಿರದ ಹಳ್ಳಿಯ ಮರಾಠಿ ಹುಡುಗ. ಜೂನಿನಲ್ಲಿ ಸೇರಿ, ಎರಡು ವಾರ ನಮ್ಮ ಮೈದಾನದಲ್ಲಿ ಆಡಿ, ಕಾಮಾಲೆಯಾಗಿ ಊರಿಗೆ ಹೋದವನು ಅಲ್ಲೇ ತೀರಿಕೊಂಡಿದ್ದ. ಅವನ ಕೋಣೆಯ ಗೆಳೆಯ ಬಂದು ಹೇಳಿದ್ದ. ಆದರೆ ಮನೆಯಿಂದ ಕಾಗದ ಬಂದಿರಲಿಲ್ಲ, ಕಾಗದ ಬರುವ ತನಕ ಕಚೇರಿಯಲ್ಲಿ ಯಾರೂ ಸಾಯುವುದಿಲ್ಲ.

ಹೊಸ ಗುರುತಿನ ಚೀಟಿ ತಗೊಂಡೆ. ಬಸವರಾಜನ ಭಾವಚಿತ್ರ ಅಂಟಿಸಿದೆ. ಕೆಳಗೆ ದಿಲೀಪನ ಹೆಸರು ಬರೆದೆ. ಆ ದಿನ ಅಕ್ಷರ ಬಹಳ ಚೆನ್ನಾಗಿ ಬಂತು.

ಮೊದಲ ಪಂದ್ಯದಲ್ಲಿ ಅಂಪೈರ್ ಮೂರು ಸಲ "ದಿಲೀಪ" ಎಂದು ಕರೆದರೂ ಬಸವರಾಜ ತಿರುಗಲಿಲ್ಲ. ಎರಡನೆಯದರಲ್ಲಿ ತಡವಾಗಿ ತಿರುಗಿದ. ಮೂರನೆಯದರಲ್ಲಿ ಅವರು ಬಾಯಿ ತೆರೆಯುವ ಮೊದಲೇ ಎದ್ದು ನಿಂತಿದ್ದ. ಹುಡುಗ ಜಾಣ ಎಂದುಕೊಂಡೆ.

ಆ ಪಂದ್ಯದಲ್ಲೇ ಇನ್ನೊಂದು ನಡೆಯಿತು. ದಾಳಿಗೆ ಹೊರಡುವ ಮುಂಚೆ ಅವನು ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು ಎಡಗಿವಿಯ ಹಿಂದೆ ಉಜ್ಜಿಕೊಂಡ. ನಮ್ಮ ಕಡೆಯ ಹುಡುಗರು ಒಮ್ಮೆಲೇ ಮಾತು ನಿಲ್ಲಿಸಿದರು. ಅದು ದಿಲೀಪನ ಅಭ್ಯಾಸ. ಆ ಎರಡು ವಾರದಲ್ಲಿ ಎಲ್ಲರೂ ನೋಡಿ ನಕ್ಕಿದ್ದರು. ಬಸವರಾಜ ದಿಲೀಪನನ್ನು ಕಂಡವನಲ್ಲ. ಆಟ ಮುಗಿದ ಮೇಲೆ ಇದನ್ನು ಯಾರು ಕಲಿಸಿದರು ಎಂದು ಕೇಳಿದೆ. "ಏನ್ರಿ ಅದು? ನಾ ಏನೂ ಮಾಡಿಲ್ರಿ," ಎಂದ. ಕಿವಿಯ ಹಿಂದೆ ಮಣ್ಣು ಇನ್ನೂ ಮೆತ್ತಿತ್ತು.

ತಿಂಗಳ ಕೊನೆಗೆ ಭತ್ಯೆಯ ಪುಸ್ತಕದಲ್ಲಿ ಸಹಿ ಮಾಡಬೇಕು. ಬಸವರಾಜ ಮರಾಠಿಯನ್ನು ತಡವರಿಸಿ ಬರೆಯುವವನು. ಅವನು ದಿಲೀಪನ ಹೆಸರನ್ನು ಮರಾಠಿಯಲ್ಲಿ ಸರಸರನೆ ಸಹಿ ಮಾಡಿಹೋದ. ಕಪಾಟಿನಿಂದ ದಿಲೀಪನ ಪ್ರವೇಶ ಅರ್ಜಿ ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಅಕ್ಷರದ ವಿಷಯದಲ್ಲಿ ನನಗೆ ಮೋಸ ಮಾಡುವುದು ಕಷ್ಟ. ಬಾಲ ಎಳೆದ ರೀತಿ, ಕೊನೆಗೆ ಇಟ್ಟ ಎರಡು ಚುಕ್ಕೆ, ಎಲ್ಲ ಅದೇ. ಮಧ್ಯಾಹ್ನದ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು, ಹೊರಗೆ ಹುಡುಗಿಯರು ಖೋ-ಖೋ ಆಡುತ್ತಿದ್ದರು, ನಾನು ಅರ್ಜಿಯನ್ನು ಮತ್ತೆ ಕಪಾಟಿಗೆ ಹಾಕಿ ಬೀಗ ಜಡಿದೆ. ಮುಖ್ಯಸ್ಥರು ಅರ್ಜಿ ತೋರಿಸಿ ಅಭ್ಯಾಸ ಮಾಡಿಸಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಕಪಾಟಿನ ಬೀಗದ ಕೈ ನನ್ನೊಬ್ಬನ ಹತ್ತಿರವೇ ಇರುತ್ತಿತ್ತು ಎಂಬುದನ್ನು ಆಗ ನೆನೆಯಲು ಹೋಗಲಿಲ್ಲ.

ದಿನ ಕಳೆದಂತೆ ಹುಡುಗ ಸೊರಗಿದ. ಕಣ್ಣಿನ ಬಿಳಿಯಲ್ಲಿ ತೆಳುವಾಗಿ ಹಳದಿ ಕಾಣಿಸಿತು. ಕ್ಯಾಂಟೀನಿನಲ್ಲಿ ಹಿಂದಿನಿಂದ "ಬಸೂ" ಎಂದು ಕೂಗಿದರೆ ತಿರುಗುತ್ತಿರಲಿಲ್ಲ. ಅವನ ತಾಯಿ ಒಬ್ಬ ಹೆಣ್ಣುಮಗಳ ಹೆಗಲು ಹಿಡಿದುಕೊಂಡು ನನ್ನ ಕಚೇರಿಗೇ ಬಂದಳು. "ಯಪ್ಪಾ, ಮನ್ಯಾಗ ನಾ ಕರದ್ರ ನನ್ನ ಮುಖ ನೋಡ್ತಾನ, ಯಾರನ್ನ ಕರೀತಿ ಅಂತ ಕೇಳ್ತಾನ. ಕಾಲೇಜಿನಾಗ ಏನ್ ಮಾಡೀರಿ ನನ್ನ ಮಗಗ?" ಓದಿನ ಒತ್ತಡ ಎಂದೆ. ಎಷ್ಟು ಸಲೀಸಾಗಿ ಅಂದೆ ನೋಡಿ.

ನಮ್ಮ ತಂಡ ಗೆಲ್ಲುತ್ತ ಹೋಯಿತು. ಒಂದು ಮರಾಠಿ ಪತ್ರಿಕೆ "ಶಿರೂರಿನ ದಿಲೀಪನ ಅಬ್ಬರದ ದಾಳಿ" ಎಂದು ನಾಲ್ಕು ಸಾಲು ಬರೆಯಿತು.

ಸೆಮಿಫೈನಲ್ ದಿನ ಮಧ್ಯಾಹ್ನ ಗೆರೆಯ ಪಕ್ಕದಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಕಚ್ಚೆ ಹಾಕಿ ಉಟ್ಟ ನೌವಾರಿ ಸೀರೆ, ಕೈಯಲ್ಲಿ ಎಸ್.ಟಿ. ಬಸ್ಸಿನ ಟಿಕೇಟು ಇನ್ನೂ ಮುದುಡಿಕೊಂಡಿತ್ತು. ಕೈಯಲ್ಲಿ ಪುಸ್ತಕ ಹಿಡಿದವನು ನಾನೊಬ್ಬನೇ ಆದ್ದರಿಂದ ನನ್ನ ಹತ್ತಿರ ಬಂದಳು. "ಮಾಝಾ ದಿಲೀಪ ಕುಠಾಯ್?" ಎಂದಳು. ನನ್ನ ದಿಲೀಪ ಎಲ್ಲಿದ್ದಾನೆ? ಊರಿನ ಶಾಲೆಯ ಮಾಸ್ತರರು ಪೇಪರ್ ಓದಿ ಹೇಳಿದರಂತೆ. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದದ್ದು ಆಸೆ. ಸುಮ್ಮನೆ ಅಂಕಣದ ಕಡೆ ಕೈ ಮಾಡಿದೆ.

ಬಸವರಾಜ ಆಗಷ್ಟೇ ದಾಳಿಗೆ ಹೊರಟಿದ್ದ. ಬಗ್ಗಿ ಮಣ್ಣು ತೆಗೆದು ಕಿವಿಯ ಹಿಂದೆ ಉಜ್ಜಿಕೊಂಡ. ನನ್ನ ಪಕ್ಕದಲ್ಲಿ ಆ ತಾಯಿಯ ಬಾಯಿಂದ ಸಣ್ಣದೊಂದು ಶಬ್ದ ಬಂತು. ಅವನು "ಕಬಡ್ಡಿ ಕಬಡ್ಡಿ" ಎನ್ನುತ್ತ ಎದುರಾಳಿಗಳ ನಡುವೆ ಹೋದ, ಅಲ್ಲಿಂದ ತಲೆ ಎತ್ತಿ ಇವಳನ್ನು ಕಂಡ. ಕಬಡ್ಡಿ ಎನ್ನುತ್ತಿದ್ದ ಉಸಿರು ನಿಂತಿತು. ಯಾರೂ ಅವನನ್ನು ಹಿಡಿಯಲಿಲ್ಲ. ಏಳೂ ಜನ ಕೈಚಾಚಿ ಹಾಗೇ ನಿಂತರು. ಅಂಪೈರ್ ಸೀಟಿ ಊದಿ "ಔಟ್" ಎಂದ ಮೇಲೂ ಅವನು ಅಲ್ಲೇ ಇದ್ದ.

ಅವಳು ಗೆರೆ ದಾಟಿ ಒಳಗೆ ಹೋದಳು. ಅವನ ಮುಖವನ್ನು ಎರಡೂ ಕೈಯಿಂದ ಹಿಡಿದು, ಕುರುಡರು ನೋಡುವಂತೆ ಹಣೆ, ಕೆನ್ನೆ, ಗದ್ದ ಎಲ್ಲ ಮುಟ್ಟಿ ನೋಡಿದಳು. ಆಮೇಲೆ ಕೈ ತೆಗೆದು, "ಇವನಲ್ಲ," ಎಂದಳು. ಆಸೆ ಅಲ್ಲಿಗೆ ಮುಗಿಯಿತು. ಸ್ವಲ್ಪ ತಡೆದು, "ನಿನ್ನ ಹೆಸರೇನು ಮಗಾ?" ಎಂದು ಕೇಳಿದಳು.

"ದಿಲೀಪ."

"ಅವನು ಹೋದ. ಅವನ ಬಾಯಿಗೆ ನೀರು ಬಿಟ್ಟವಳು ನಾನೇ. ನಿನ್ನ ಅವ್ವ ಇಟ್ಟ ಹೆಸರು ಹೇಳು."

ಅವನ ತುಟಿ ಅಲುಗಿತು, ಏನೂ ಬರಲಿಲ್ಲ. ಅವಳು ಮತ್ತೆ ಕೇಳಿದಳು. ಹೆಸರು ನನ್ನ ಗಂಟಲಿನವರೆಗೆ ಬಂದಿತ್ತು, ಆದರೆ ಹೇಳಿದರೆ ಎಲ್ಲ ಬಯಲಾಗುತ್ತದೆ. ನಾನು ಹೇಳಲಿಲ್ಲ. ಇದನ್ನು ಮುಚ್ಚಿಡದೆ ನಿಮಗೆ ಹೇಳಬೇಕು. ಅವಳು ಅವನ ಭುಜ ಹಿಡಿದು ಅಲುಗಿಸಿ ಮೂರನೆಯ ಸಲ ಕೇಳಿದಾಗ ಹುಡುಗ ಆಳದ ನೀರಿನಿಂದ ಮೇಲೆ ಬಂದವನಂತೆ ಏದುಸಿರು ಬಿಟ್ಟು, "ಬಸವರಾಜ. ನಾ ಬಸವರಾಜ ಅದೀನ್ರಿ," ಎಂದು ಕನ್ನಡದಲ್ಲಿ ಕೂಗಿದ. ಅಂಪೈರ್ ಕೇಳಿದರು, ಎದುರಾಳಿಗಳು ಕೇಳಿದರು.

ಅವಳು ನನ್ನ ಕಡೆ ತಿರುಗಿದಳು. "ಈ ಪುಸ್ತಕದಲ್ಲಿ ಬರೆದವರು ಯಾರು?"

ನಾನೇ ಎಂದೆ.

"ಅಳಿಸಿ. ನೀವು ಕರೀತಾ ಇದ್ದರೆ ನನ್ನ ದಿಲೀಪ ಬರಲೇಬೇಕಲ್ಲ? ಅವನಿಗೆ ಸುಸ್ತಾಗಿದೆ."

ಮುಖ್ಯಸ್ಥರು ಓಡಿಬಂದು ಅವಳನ್ನು ಸಮಾಧಾನ ಮಾಡಲು ನೋಡಿದರು. ಏನೋ ಗೊಂದಲ, ನಾಳೆ ಕೂತು ಮಾತಾಡೋಣ, ಪಂದ್ಯ ಮುಗಿಯಲಿ ಎಂದರು. ಬಸವರಾಜ ಅವರನ್ನು ಕೈಯಿಂದ ಸರಿಸಿ ನನ್ನ ಮುಂದೆ ನಿಂತ. "ಕಾಟು ಹೊಡೀರಿ ಸಾಹೇಬ್ರ. ವರ್ಷ ಹೋದ್ರ ಹೋಗ್ಲಿ. ನನಗ ಭಾಳ ಅಂಜಿಕಿ ಬಂದದ." ಎದ್ದು ನಿಂತ ಜನರ ನಡುವೆ ನಾನು ಪುಸ್ತಕ ತೆರೆದು ಆ ಹೆಸರಿನ ಮೇಲೆ ಗೆರೆ ಎಳೆದೆ. ಪಕ್ಕದಲ್ಲಿ "ಮೃತ" ಎಂದು ಬರೆದೆ. ಅಕ್ಷರ ಕೋಳಿ ಕೆದರಿದಂತೆ ಬಂತು.

ತಂಡವನ್ನು ಹೊರಗೆ ಹಾಕಿದರು. ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ನನ್ನನ್ನು ಆರು ತಿಂಗಳು ಮನೆಯಲ್ಲಿ ಕೂರಿಸಿ, ಆಮೇಲೆ ಗ್ರಂಥಾಲಯಕ್ಕೆ ಹಾಕಿದರು. ಬಸವರಾಜನ ಕಣ್ಣಿನ ಹಳದಿ ಒಂದು ವಾರದಲ್ಲಿ ಇಳಿಯಿತು. ಪೊಲೀಸ್ ಕೆಲಸ ತಪ್ಪಿತು. ಆ ವರ್ಷ ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಮೂಟೆ ಹೊತ್ತ. ಮುಂದಿನ ವರ್ಷ ತನ್ನ ಹೆಸರಿನಲ್ಲೇ ಆಡಿದ, ಆದರೆ ದಾಳಿಯ ಮಧ್ಯೆ ಉಸಿರು ಕಡಿಯುತ್ತಿತ್ತು. ಕೊನೆಗೆ ಬಾರಾಮತಿಯ ಕಡೆ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ತಾಯಿಯನ್ನೂ ಕರೆದುಕೊಂಡು ಹೋದ. ದೀಪಾವಳಿಗೆ ನನಗೊಂದು ಕಾರ್ಡು ಬರುತ್ತಿತ್ತು, ಆಮೇಲೆ ಫೋನು. ಆ ದಿನದ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಮೊನ್ನೆ ಮನೆಗೆ ಬಂದವನೇ ನಾನೇ ಫೋನು ಮಾಡಿದೆ. ಮಂಡಿನೋವು, ಮೊಮ್ಮಗಳ ಮದುವೆ ಎಲ್ಲ ಮಾತಾಡಿದ ಮೇಲೆ ಅವನು ಹೇಳಿದ, ದಿಲೀಪನ ತಾಯಿ ತೀರಿಹೋಗಿ ಬಹಳ ವರ್ಷವಾಯಿತು ಎಂದು. ಅವಳಿದ್ದಾಗ ವರ್ಷಕ್ಕೊಮ್ಮೆ ಹೋಗಿ ಕಂಡು ಬರುತ್ತಿದ್ದನಂತೆ. ನನಗಿದು ಗೊತ್ತೇ ಇರಲಿಲ್ಲ.

"ಪಿತೃಪಕ್ಷದಾಗ ಹಳ್ಳಿಗೆ ಹೋಗಿ ತಾಯಿ-ಮಗ ಇಬ್ಬರಿಗೂ ಎಡಿ ಇಟ್ಟು ಬರ್ತೀನ್ರಿ. ಮತ್ಯಾರದಾರ ಅವರಿಗೆ? ಭಟ್ರು ಪ್ರತಿ ವರ್ಷ ಕೇಳ್ತಾರ, ನೀವು ಇವರಿಗೆ ಏನಾಗಬೇಕು ಅಂತ. ನನಗ ಬಾಯಿ ಬರಂಗಿಲ್ರಿ." ಮತ್ತೆ ಅವನೇ ಅಂದ, "ಈ ಸಲ ನೀವ್ ಬರ್ರಿ ಸಾಹೇಬ್ರ. ಬಂದು ನಾ ಯಾರಂತ ಭಟ್ರಿಗೆ ನೀವ ಹೇಳ್ರಿ."

ಭಾನುವಾರ ಬೆಳಿಗ್ಗೆ ಶಿರೂರಿನ ಬಸ್ಸು. ಹೆಂಡತಿ ಎಲ್ಲಿಗೆ ಎಂದು ಕೇಳಿದಳು. ಕೂರು ಎಂದೆ. ಮೊದಲು ಅವಳಿಗೆ ಎಲ್ಲ ಹೇಳಿದೆ, ಹೆಸರು ಗಂಟಲಿನವರೆಗೆ ಬಂದು ನಿಂತದ್ದನ್ನೂ. ಅವಳು ಎದ್ದು ಭಾನುವಾರಕ್ಕೆಂದು ನನ್ನ ಬಿಳಿ ಅಂಗಿಗೆ ಇಸ್ತ್ರಿ ಹಾಕತೊಡಗಿದಳು.