ಮೇಷ್ಟ್ರಿಗೊಂದು ಒದೆ

ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಾಗ ನಾನು ಇತ್ತೀಚೆಗೆ ಒದೆಯುವ ಕನಸು ಕಾಣುತ್ತೇನೆ. ನಾಚಿಕೆಯ ವಿಷಯವೇ, ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು? ಕೈ ಲಾಳಿ ಓಡಿಸುತ್ತಿರುತ್ತದೆ, ಕಾಲು ತುಳಿಮಣೆ ಒತ್ತುತ್ತಿರುತ್ತದೆ. ಮನಸ್ಸಿನಲ್ಲಿ ಮಾತ್ರ ನನ್ನ ಬಲಗಾಲು ನಿಧಾನವಾಗಿ ಮೇಲೆದ್ದು, ಮೊಳಕಾಲ್ಮೂರಿನ ಬಂಡೆಗುಡ್ಡಗಳ ಎತ್ತರಕ್ಕೆ ಹೋಗಿ, ಅಲ್ಲೇ ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತಿರುತ್ತದೆ. ಸೀರೆಯ ಅಂಚಿನಲ್ಲಿ ಎರಡು ಎಳೆ ತಪ್ಪಿದಾಗ ಕೆಳಗಿಳಿಯುತ್ತದೆ.

ನಿಜದಲ್ಲಿ ಅದು ಸೊಂಟದವರೆಗೂ ಏರುವುದಿಲ್ಲ. ನನಗೆ ನಲವತ್ತೆಂಟು. ಕೂತು ಕೂತು ಸೊಂಟ ಹಿಡಿದಿದೆ ಎಂಬ ನೆಪದಲ್ಲಿ ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಚಳ್ಳಕೆರೆಯ ಕರಾಟೆ ತರಗತಿಗೆ ಹೋಗುತ್ತೇನೆ. ನಮ್ಮೂರಲ್ಲಿ ಬಿಳಿ ಪೈಜಾಮ ತೊಟ್ಟು ಹಾರಾಡಿದರೆ ಸೀರೆ ಕೊಳ್ಳಲು ಬಂದವರು ಏನೆಂದುಕೊಂಡಾರು? ಫ್ರಂಟ್ ಕಿಕ್ಕಿಗೆ ಎರಡು ತಿಂಗಳು ಹಿಡಿಯಿತು. ಈಗ ಸೈಡ್ ಕಿಕ್. ಮೊಣಕಾಲನ್ನು ಎದೆಗೆ ತಂದು, ನಿಂತ ಪಾದವನ್ನು ತಿರುಗಿಸಿ, ಹಿಮ್ಮಡಿಯಿಂದ ತಳ್ಳಬೇಕು. ಒಂದು ಕಾಲು ಎದ್ದಾಗ ಇನ್ನೊಂದು ಗಟ್ಟಿಯಾಗಿ ಒತ್ತಿ ನಿಲ್ಲಬೇಕೆಂದು ಮಗ್ಗವೇ ನನಗೆ ಕಲಿಸಿತ್ತು. ತೊಂದರೆಯಾದದ್ದು ಕಾಲು ತಾಗಿದ ಮೇಲೆ.

ಯಾರಿಗಾದರೂ ಕಾಲು ತಾಗಿದರೆ ತಕ್ಷಣ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಪುಸ್ತಕಕ್ಕೆ ತಾಗಿದರೂ ಅಷ್ಟೇ, ಪೊರಕೆಗೆ ತಾಗಿದರೂ ಅಷ್ಟೇ. ಅವ್ವ ನನ್ನನ್ನು ಬೆಳೆಸಿದ್ದು ಹಾಗೆ. ಹೀಗಾಗಿ ಮೊದಲ ಸಲ, ಎದುರಿನವರು ಎದೆಗೆ ಹಿಡಿದ ದಪ್ಪ ದಿಂಬಿಗೆ ಒದ್ದವಳೇ ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ತರಗತಿಯೆಲ್ಲ ನಕ್ಕಿತು. ನನ್ನ ಮಗನ ವಯಸ್ಸಿನ ನಮ್ಮ ಮಾಸ್ಟರ್, "ಅಕ್ಕಾ, ನೀವು ಕಣ್ಣಿಗೊತ್ಕಳ್ಳೋ ಹೊತ್ತಿಗೆ ಎದುರಿನೋನು ನಿಮ್ಮನ್ನ ಬೀಳ್ಸಿರ್ತಾನೆ" ಎಂದರು.

ಆದರೆ ದಿಂಬು ಹಿಡಿದಿದ್ದವರು ಯಾರು ಗೊತ್ತೇ? ದೇವಸಮುದ್ರದ ಶಾಲೆಯಲ್ಲಿ ನನಗೆ ಗಣಿತ ಕಲಿಸಿದ ಮೇಷ್ಟ್ರು! ನಿವೃತ್ತರಾಗಿ ಚಳ್ಳಕೆರೆಯಲ್ಲಿದ್ದಾರೆ. ಅರವತ್ತಾರಕ್ಕೆ ಹೊಸದಾಗಿ ಕಲಿಯುವವರ ಬಿಳಿ ಬೆಲ್ಟು ಕಟ್ಟಿದ್ದಾರೆ. ಅವರ ಮುಂದೆ ಕೂರಲೂ ಹಿಂಜರಿಯುವ ನಾನು ಒದೆಯುವುದೆಲ್ಲಿ ಬಂತು? ಆಮೇಲಿನ ವಾರಗಳಲ್ಲಿ ನನ್ನ ಹಿಮ್ಮಡಿ ದಿಂಬಿನವರೆಗೆ ಹೋಗಿ ಗಾಳಿಯಲ್ಲೇ ನಿಂತುಬಿಡುತ್ತಿತ್ತು. ಉಳಿದವರ ಕಾಲೂ ಮೇಷ್ಟ್ರ ಮುಂದೆ ಮೆತ್ತಗಾಗುತ್ತಿತ್ತು. ಅದನ್ನು ನಾವು ಮರ್ಯಾದೆ ಎಂದುಕೊಂಡಿದ್ದೆವು.

ಒಂದು ಭಾನುವಾರ ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಬಂದ ಮೇಷ್ಟ್ರು, "ಮುಂದಿನ ವಾರದಿಂದ ನಾನು ಬರಲ್ಲಮ್ಮ" ಎಂದರು.

"ಯಾಕ್ರಿ ಮೇಷ್ಟ್ರೇ, ಮೊಣಕಾಲು ನೋವಾ?"

"ಮೊಣಕಾಲು ಚೆನ್ನಾಗೈತೆ. ನನ್ನ ಯಾರೂ ಒದೀತಿಲ್ಲ. ಮನೇಲಿ ಸೊಸೆ ಬಕೆಟ್ ಎತ್ತಾಕೆ ಬಿಡಲ್ಲ. ಬಸ್ಸಿನಾಗೆ ಎದ್ದು ಸೀಟು ಕೊಡ್ತಾರೆ. ಇಲ್ಲಾದ್ರೂ ವಿದ್ಯಾರ್ಥಿ ಆಗಾನ ಅಂತ ಬಂದೆ. ನೀವೆಲ್ಲ ಸೇರಿ ಇಲ್ಲೂ ನನ್ನನ್ನ ಗೋಡೆ ಮೇಲಿನ ಫೋಟೋ ಮಾಡಿದ್ರಿ."

ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತೆ. ಹೊರಗೆ ಕುರಿಗಳು, ಶೇಂಗಾ ಹೊಲಗಳು, ಬಿಸಿಲಿನಲ್ಲಿ ತೇಲುವ ಗುಡ್ಡಗಳು ಅರೆನಿದ್ದೆಯಲ್ಲಿ ಹಾದುಹೋಗುತ್ತಿದ್ದವು. ಅವುಗಳ ನಡುವೆ ನನ್ನ ಹಳೆಯ ಗಣಿತದ ನೋಟ್‌ಬುಕ್ಕೂ ಬಂತು. ಪುಟದ ತುಂಬ ಕೆಂಪು ಗೀಟು. ಹೆಣ್ಣುಹುಡುಗಿ, ಮದುವೆಯಾಗಿ ಹೋಗುವವಳು ಎಂದು ಉಳಿದ ಮೇಷ್ಟ್ರುಗಳು ತಪ್ಪಿದ್ದರೂ ದಾಟಿಸಿಬಿಡುತ್ತಿದ್ದರು. ಇವರೊಬ್ಬರೇ ತಪ್ಪಿಗೆ ತಪ್ಪೆಂದು ಗೀಟೆಳೆದು, "ಇನ್ನೊಂದ್ಸಲ ಮಾಡು" ಎನ್ನುತ್ತಿದ್ದರು. ಆಗ ಅಳು ಬರುತ್ತಿತ್ತು. ನನ್ನನ್ನು ಲೆಕ್ಕಕ್ಕೆ ತೆಗೆದುಕೊಂಡವರು ಅವರೇ ಎಂದು ಬಸ್ಸು ತಳಕು ಊರನ್ನು ದಾಟುವಾಗ ಹೊಳೆದು, ಈಗಲೂ ಅಳು ಬಂತು. ಮನೆಗೆ ಬಂದವಳೇ ಫೋನು ಮಾಡಿ, ಇನ್ನೊಂದೇ ಒಂದು ಭಾನುವಾರ ಬನ್ನಿ ಎಂದು ಗೋಗರೆದೆ.

ಬಂದರು. ದಿಂಬು ಹಿಡಿದು ನಿಂತರು. ನಾನು ಕಣ್ಣು ಮುಚ್ಚಲಿಲ್ಲ. ಮೊಣಕಾಲು ಎದೆಗೆ ಬಂತು, ಪಾದ ತಿರುಗಿತು, ಹಿಮ್ಮಡಿ ಹೋಗಿ ದಿಂಬಿನಲ್ಲಿ ಹೂತಿತು. ಮೇಷ್ಟ್ರು ಮೂರು ಹೆಜ್ಜೆ ಹಿಂದೆ ಸರಿದು ಗೋಡೆಗೆ ತಾಗಿದರು. ನನ್ನ ಬಲಗೈ ಆಗಲೇ ದಿಂಬು ಮುಟ್ಟಲು ಹೊರಟಿತ್ತು, ಎಡಗೈಯಿಂದ ಅದನ್ನು ಹಿಡಿದುಕೊಂಡೆ.

"ಇದು ಒದೆ!" ಎಂದು ಮೇಷ್ಟ್ರು ಕೂಗಿದರು. ಅಷ್ಟು ಖುಷಿಯಾಗಿ ಅವರು ನಕ್ಕದ್ದನ್ನು ನಾನು ಶಾಲೆಯಲ್ಲೂ ನೋಡಿರಲಿಲ್ಲ.

ಈಗ ಅವರ ಸರದಿ. ದಿಂಬು ನನ್ನ ಕೈಗೆ ಬಂತು. ಕಾಲು ನಿಧಾನವಾಗಿಯೇ ಎದ್ದರೂ ಒದೆ ಸರಿಯಾಗಿ ಬಿತ್ತು, ನಾನು ತತ್ತರಿಸಿದೆ. ಮರುಕ್ಷಣವೇ ಮೇಷ್ಟ್ರು ಮುಂದೆ ಬಂದು, ಬಗ್ಗಿ, ದಿಂಬನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಮಾಸ್ಟರ್ ತಲೆ ಮೇಲೆ ಕೈ ಹೊತ್ತರು. ನಾನು ದಿಂಬನ್ನು ಇನ್ನೂ ಗಟ್ಟಿಯಾಗಿ ಹಿಡಿದು, "ತಪ್ಪು ಮೇಷ್ಟ್ರೇ. ಇನ್ನೊಂದ್ಸಲ ಮಾಡ್ರಿ" ಎಂದೆ.

ಮೇಷ್ಟ್ರು ಬೆಲ್ಟು ಸರಿಮಾಡಿಕೊಂಡು ತಮ್ಮ ಜಾಗಕ್ಕೆ ಹೋಗಿ ನಿಂತರು.