ಭಾವನ ‘ಗುರು’

ನಮ್ಮ ಭಾವನ ನಾಲಗೆಗೆ ‘ಗುರು’ ಎನ್ನುವ ಎರಡಕ್ಷರ ಯಾವಾಗ ಅಂಟಿಕೊಂಡಿತೋ, ಅವರನ್ನು ಕಟ್ಟಿಕೊಂಡ ನಮ್ಮಕ್ಕನಿಗೂ ಗೊತ್ತಿಲ್ಲ. ಆಟೋದವನೂ ಗುರು, ಬ್ಯಾಂಕಿನ ಮ್ಯಾನೇಜರೂ ಗುರು, ತುಕ್ಕು ಹಿಡಿದು ಹಟ ಮಾಡುವ ನಟ್ಟೂ ಗುರು. ಊಟ ರುಚಿಯಾಗಿದ್ದರೆ ‘ಗುರೂ...’ ಎಂದು ಎಳೆಯುತ್ತಾರೆ. ಉಪ್ಪು ಹೆಚ್ಚಾಗಿದ್ದರೆ ಅದನ್ನೇ ಚಿಕ್ಕದಾಗಿ ಹೇಳಿ ನೀರಿನ ಲೋಟಕ್ಕೆ ಕೈಹಾಕುತ್ತಾರೆ. ಹಳೇ ಗೆಳೆಯ ಹೋದ ಸುದ್ದಿ ಬಂದಾಗಲೂ ‘ಗುರು’ ಎಂದಷ್ಟೇ ಹೇಳಿ ಗೋಡೆಗೊರಗಿ ಕೂತಿದ್ದರು. ಅವತ್ತು ಸಂಜೆ ಊಟ ಮಾಡಲಿಲ್ಲ.

ಮನೆಯಲ್ಲಾದರೆ ಸರಿ, ಕೆಲಸದಲ್ಲೂ ಕೇಳಿ ಕೇಳಿ ನನಗೆ ತಲೆ ಚಿಟ್ಟುಹಿಡಿದಿತ್ತು. ನಾವಿಬ್ಬರೂ ಲಿಫ್ಟ್ ರಿಪೇರಿಯವರು. ತೀರಾ ಹಳೇ ಲಿಫ್ಟ್ ಆದರೆ ನಾನು ತಾರಸಿಯ ಮೋಟಾರ್ ರೂಮಿನಲ್ಲಿ ನಿಂತು ಸ್ವಿಚ್ ಒತ್ತಿ ಹಿಡಿದು ಓಡಿಸಬೇಕು, ಕೈ ಬಿಟ್ಟರೆ ನಿಲ್ಲುತ್ತದೆ; ಭಾವ ಪೆಟ್ಟಿಗೆಯ ತಲೆ ಮೇಲೆ ನಿಂತು ಗೋಡೆಯ ಕಂಬಿಗಳಿಗೆ ಗ್ರೀಸ್ ಹಚ್ಚಬೇಕು. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಹಗ್ಗ ಇಳಿಯುವ ತೂತಿನಿಂದ ಬರುವ ದನಿಯೇ ಗತಿ. ಆ ದನಿ ಏರಿಸುವುದಕ್ಕೂ ಗುರು, ಇಳಿಸುವುದಕ್ಕೂ ಗುರು. ರಾಗ ಹಿಡಿದು ಅರ್ಥ ಮಾಡಿಕೊಳ್ಳಬೇಕಾದವನು ನಾನು.

ಕೊನೆಗೊಂದು ದಿನ ಸಿಟ್ಟು ನೆತ್ತಿಗೇರಿ, ಏರಿಸು, ಇಳಿಸು, ನಿಲ್ಲಿಸು ಎಂದು ಎಲ್ಲರ ಹಾಗೆ ಹೇಳದಿದ್ದರೆ ಸ್ವಿಚ್ಚೇ ಮುಟ್ಟುವುದಿಲ್ಲ ಎಂದುಬಿಟ್ಟೆ. ಪಾಪ, ಒಪ್ಪಿಕೊಂಡರು. ಮಧ್ಯಾಹ್ನದವರೆಗೆ ನಾಲಗೆ ಕಚ್ಚಿಕೊಂಡು ಹಾಗೇ ನಡೆದರು ಕೂಡ. ನಾನು ಒಳಗೊಳಗೇ ಬೀಗುತ್ತಿದ್ದೆ.

ಊಟ ಮುಗಿಸಿ ಬಂದಮೇಲೆ ‘ಏರ್ಸು’ ಎಂದರು, ಏರಿಸಿದೆ. ಅರ್ಧ ದಾರಿಯಲ್ಲಿ ಕೆಳಗಿನಿಂದ ‘ಗುರು’ ಎಂದು ಕೇಳಿತು.

ನನ್ನ ಕೈ ಸ್ವಿಚ್ ಬಿಟ್ಟಾಗಿತ್ತು. ಸಿಟ್ಟು ಬಂದದ್ದು ಆಮೇಲೆ. ಮತ್ತೆ ಶುರುವಾಯಿತಲ್ಲ ಎಂದು ಬೈಯಲು ತೂತಿಗೆ ಬಗ್ಗಿ ಕೂಗಿದೆ. ಉತ್ತರವಿಲ್ಲ. ಇನ್ನೊಮ್ಮೆ ಕೂಗಿದೆ. ಮೇನ್ ಆರಿಸಿ, ಮೆಟ್ಟಿಲಿಳಿದು ಓಡಿ, ಲಿಫ್ಟಿನ ಬಾಗಿಲನ್ನು ಕೀಲಿಯಿಂದ ತೆಗೆದರೆ ಭಾವ ತುದಿಗಾಲಲ್ಲಿ ನಿಂತಿದ್ದಾರೆ. ಅಂಗಿಯ ತೋಳು ಕಂಬಿಯ ಬೋಲ್ಟಿಗೆ ಸಿಕ್ಕಿ, ಕಾಲರ್ ಕತ್ತಿಗೆ ಬಿಗಿದು ಉಸಿರೇ ಹೊರಡುತ್ತಿಲ್ಲ. ಇನ್ನೊಂದು ಗೇಣು ಏರಿದ್ದರೆ ಮುಗಿದೇಹೋಗಿತ್ತು.

ಅಂಗಿಯ ತೋಳು ಕತ್ತರಿಸಿ ಅವರನ್ನು ಈಚೆ ಎಳೆದೆ. ಕೆಮ್ಮಿ ಸುಧಾರಿಸಿಕೊಂಡು, ತಪ್ಪು ಮಾಡಿದವರ ಹಾಗೆ ನನ್ನ ಮುಖ ನೋಡಿದರು.

“ನಿಲ್ಸು ಅನ್ಬೇಕಿತ್ತು. ಬಾಯಿಗೇ ಬರ್ಲಿಲ್ಲ.”

ನನಗೆ ಅಳು ತಡೆಯಲಾಗಲಿಲ್ಲ. ಅವರ ಕೈ ಹಿಡಿದುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ.

ಸಂಜೆ ಮನೆಗೆ ಹೋದಾಗ ಒಂದೇ ತೋಳಿನ ಅಂಗಿ ನೋಡಿ ಅಕ್ಕ ಏನಾಯಿತೆಂದು ಕೇಳಿದಳು. ಭಾವ ನನ್ನತ್ತ ತಿರುಗಿ, ತುಟಿ ಅಲುಗಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ “ಗುರು” ಎಂದರು. ಬಾಯಿ ಬಿಡಬೇಡ ಅಂತ. ಆದರೆ ಆ ಮಾತಿನ ಜೊತೆ ನನಗಿಂತ ಹೆಚ್ಚು ಸಂಸಾರ ಮಾಡಿದವಳು ಅಕ್ಕ. ಬಾಗಿಲಿಗೆ ಅಡ್ಡ ನಿಂತು ಎಲ್ಲವನ್ನೂ ಬಾಯಿಬಿಡಿಸಿದಳು.

ಕೇಳಿ ಬಯ್ಯಲಿಲ್ಲ. ಭಾವನ ತೋಳನ್ನು ಭುಜದಿಂದ ಬೆರಳ ತುದಿಯವರೆಗೆ ಒತ್ತಿ ಒತ್ತಿ ನೋಡಿದಳು. ಆಮೇಲೆ ನನಗೆ ಹೇಳಿದಳು:

“ನಾಳೆಯಿಂದ ಇವ್ರು ಏನಂದ್ರೂ ಸರಿ, ನೀನು ಮೊದ್ಲು ನಿಲ್ಸು.”